ಬದಾಮಿ ಹಿಟ್ಟೋ, ಶೇಂಗಾ-ಅಗಸಿಯೋ: ಕೀಟೊ ಮಫಿನ್‌ಗೆ ಏನು ಆರಿಸಬೇಕು?

ಅನ್ನ-ರೊಟ್ಟಿ-ಸಕ್ಕರೆಯ ಕಾರ್ಬೋಹೈಡ್ರೇಟು ತೀರ ಕಡಿಮೆ ಮಾಡಿ ಕೊಬ್ಬು ಹೆಚ್ಚು ತಿನ್ನುವ ಕೀಟೊ ಪಥ್ಯ ಹಿಡಿದವರು ಹುಬ್ಬಳ್ಳಿ-ಧಾರವಾಡದಲ್ಲಿ ಈಗ ಓಣಿಗೊಬ್ಬರಾದರೂ ಸಿಗುತ್ತಾರೆ. ಮೊದಲ ವಾರ ಪನೀರು, ತತ್ತಿ, ಸೊಪ್ಪು ಎಂದು ಹುರುಪಿನಲ್ಲಿ ಕಳೆಯುತ್ತದೆ. ಆಮೇಲೆ ಎರಡು ತೊಂದರೆ ಒಟ್ಟಿಗೇ ಶುರುವಾಗುತ್ತವೆ: ಸಂಜೆ ಚಹಾದ ಹೊತ್ತಿಗೆ ಬಾಯಿ ಏನಾದರೂ ಬೇಡುತ್ತದೆ, ಬೆಳಿಗ್ಗೆ ಹೊಟ್ಟೆ ಸಾಫಾಗುವುದಿಲ್ಲ. ಜೋಳದ ರೊಟ್ಟಿ, ಕಾಳುಪಲ್ಯ ಬಿಟ್ಟ ಕೂಡಲೇ ಅವುಗಳ ಜೊತೆ ಬರುತ್ತಿದ್ದ ನಾರೂ ಹೋಗಿರುತ್ತದೆ. ಹಿಟ್ಟು ಸರಿಯಾಗಿ ಆರಿಸಿ ಮಾಡಿದ ಮಫಿನ್ ಈ ಎರಡಕ್ಕೂ ಒದಗುತ್ತದೆ, ತಪ್ಪು ಹಿಟ್ಟಿನದಾದರೆ ಪಥ್ಯವೇ ಮುರಿಯುತ್ತದೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ತತ್ತಿ ತಿನ್ನುವ ಮನೆಗೆ ಬದಾಮಿ-ಅಗಸಿ ಜೋಡಿ ಒಳ್ಳೆಯದು. ತತ್ತಿ ತಿನ್ನದ ಮನೆಗೆ ಶೇಂಗಾ-ಅಗಸಿ. ಖರ್ಚಿನ ಲೆಕ್ಕ ಇಟ್ಟುಕೊಂಡವರಿಗೆ ಯಾವ ಮನೆಯಾದರೂ ಶೇಂಗಾನೇ. ಕೀಟೊ ಎಂದ ಕೂಡಲೇ ದುಬಾರಿ ಪೊಟ್ಟಣಗಳನ್ನೇ ತರಿಸಬೇಕೆಂಬ ನಂಬಿಕೆ ಬೇರೂರಿಬಿಟ್ಟಿದೆ. ನಮ್ಮ ಕಡೆಯ ಅಡುಗೆಮನೆಯಲ್ಲಿ ಹಿಂಡಿ (ಚಟ್ನಿಪುಡಿ) ಕುಟ್ಟಲೆಂದು ಇಟ್ಟ ಶೇಂಗಾ, ಅಗಸಿ ಇರುವಾಗ ಆ ನಂಬಿಕೆಗೆ ಆಧಾರವಿಲ್ಲ.

ಮೊದಲು ಪಕ್ಕಕ್ಕಿಡಬೇಕಾದವು

ಕೀಟೊದಲ್ಲಿ ಇಡೀ ದಿನಕ್ಕೆ ಸಿಗುವ ಕಾರ್ಬೋಹೈಡ್ರೇಟು (ಕಾರ್ಬ್) ಸಾಮಾನ್ಯವಾಗಿ 20ರಿಂದ 50 ಗ್ರಾಂ. 100 ಗ್ರಾಂ ಜೋಳದ ಹಿಟ್ಟಿನಲ್ಲಿ ನಾರು ಕಳೆದ ಮೇಲೂ 65 ಗ್ರಾಂ ಆಸುಪಾಸು ಕಾರ್ಬ್ ಉಳಿಯುತ್ತದೆ. ಒಂದು ರೊಟ್ಟಿಗೆ 50 ಗ್ರಾಂ ಹಿಟ್ಟು ಹಿಡಿದರೂ 30 ಗ್ರಾಂ ದಾಟಿತು, ಅಲ್ಲಿಗೆ ದಿನದ ಪಾಲು ಹೆಚ್ಚುಕಡಿಮೆ ಮುಗಿದಂತೆಯೇ. ರಾಗಿ, ಸಜ್ಜೆ, ನವಣೆ ಇವುಗಳ ಕಥೆಯೂ ಇದೇ. ಕಡಲೆ ಹಿಟ್ಟು ಸ್ವಲ್ಪ ವಾಸಿ, ಆದರೂ 45 ಗ್ರಾಂ ಮೇಲೆಯೇ. ಓಟ್ಸ್ ಕೂಡ ಇದೇ ಪಂಕ್ತಿಗೆ ಸೇರಿದ್ದು.

ಇದನ್ನು ಒತ್ತಿ ಹೇಳಲು ಕಾರಣವಿದೆ. ಸಿರಿಧಾನ್ಯದ ಮಫಿನ್, ಬೆಲ್ಲದ ಮಫಿನ್, ಖರ್ಜೂರದ ಮಫಿನ್ ಎಂದು ಬೇಕರಿಯಲ್ಲಿ ‘ಡಯಟ್’ ಚೀಟಿ ಅಂಟಿಸಿ ಇಟ್ಟಿರುತ್ತಾರೆ. ಮೈದಾ-ಸಕ್ಕರೆಗಿಂತ ಅವು ಒಳ್ಳೆಯವೇ, ಮಕ್ಕಳ ಡಬ್ಬಿಗೆ ಧಾರಾಳವಾಗಿ ಹಾಕಬಹುದು. ಆದರೆ ಕೀಟೊಗೆ ಅವು ಹೊಂದುವುದಿಲ್ಲ. ನವಣೆ ಮಫಿನ್ ತಿನ್ನುತ್ತ ಕೀಟೊ ಮಾಡುತ್ತಿದ್ದೇನೆ ಎಂದುಕೊಂಡರೆ, ಎರಡೂ ಪದ್ಧತಿಗಳ ಲಾಭ ಬಿಟ್ಟು ಬರೀ ತುಪ್ಪ-ಬೆಣ್ಣೆ ಹೆಚ್ಚಿಗೆ ತಿಂದಂತಾಗುತ್ತದೆ.

ಲೆಕ್ಕದ ಬಗ್ಗೆ ಒಂದು ಮಾತು. ಒಟ್ಟು ಕಾರ್ಬ್‌ನಲ್ಲಿ ನಾರನ್ನು ಕಳೆದರೆ ಉಳಿಯುವುದು ನೆಟ್ ಕಾರ್ಬ್. ನಾರು ಸಕ್ಕರೆಯಾಗಿ ರಕ್ತಕ್ಕೆ ಸೇರುವುದಿಲ್ಲ, ಅದಕ್ಕೇ ಈ ಕಳೆಯುವಿಕೆ. ಯುರೋಪಿನಿಂದ ಬಂದ ಪೊಟ್ಟಣಗಳಲ್ಲಿ ನಾರನ್ನು ಮೊದಲೇ ಬೇರೆ ಮಾಡಿ ಬರೆದಿರುತ್ತಾರೆ, ಅಲ್ಲಿ ಮತ್ತೆ ಕಳೆಯಬಾರದು.

ಹಿಟ್ಟುಗಳ ಹೋಲಿಕೆ

ಬದಾಮಿ ಹಿಟ್ಟಿನಲ್ಲಿ 100 ಗ್ರಾಂಗೆ ನೆಟ್ ಕಾರ್ಬ್ ಸುಮಾರು 10 ಗ್ರಾಂ, ನಾರು ಅಷ್ಟೇ ಅಥವಾ ತುಸು ಹೆಚ್ಚು. ರುಚಿ ಸೌಮ್ಯ, ಬಣ್ಣ ತಿಳಿ, ಯಾಲಕ್ಕಿ ಹಾಕಿದರೆ ಯಾಲಕ್ಕಿಯ ಘಮವೇ ಮುಂದೆ ಬರುತ್ತದೆ. ಮೈದಾ ಮಫಿನ್‌ನ ನೆನಪಿಗೆ ತೀರ ಹತ್ತಿರದ್ದು ಬೇಕಾದರೆ ಇದೇ. ಮನೆಯಲ್ಲೇ ಮಿಕ್ಸರ್‌ನಲ್ಲಿ ಮಾಡಿಕೊಳ್ಳುವವರು ಬಿಟ್ಟು ಬಿಟ್ಟು ತಿರುಗಿಸಬೇಕು, ಒಂದೇ ಸಮ ತಿರುಗಿಸಿದರೆ ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ. ಇದರ ದೊಡ್ಡ ಕೊರತೆ ಬೆಲೆ. ಎರಡನೆಯದು, ಹಿಡಿದಿಡುವ ಗುಣವಿಲ್ಲ. ಗೋಧಿಯಲ್ಲಿರುವ ಗ್ಲುಟೆನ್ ಇದರಲ್ಲಿ ಇಲ್ಲದ್ದರಿಂದ ತತ್ತಿ ಇಲ್ಲದೆ ಬೇಯಿಸಿದ ಬದಾಮಿ ಮಫಿನ್ ಕೈಯಲ್ಲಿ ಹಿಡಿದರೆ ಪುಡಿಪುಡಿ.

ತೆಂಗಿನ ಹಿಟ್ಟಿನ ವಿಷಯದಲ್ಲಿ ಎಚ್ಚರ ಬೇಕು. ತೆಂಗಿನ ಹಿಟ್ಟು ಬೇರೆ, ಕೊಬ್ಬರಿ ತುರಿ ಬೇರೆ. ಕಾಯಿಯ ಹಾಲು ಅಥವಾ ಎಣ್ಣೆ ತೆಗೆದ ಮೇಲೆ ಉಳಿದ ಚರಟವನ್ನು ಒಣಗಿಸಿ ಬೀಸಿದ್ದು ತೆಂಗಿನ ಹಿಟ್ಟು. ಹುಬ್ಬಳ್ಳಿಯ ದುರ್ಗದಬೈಲಿನ ಕಿರಾಣಿ ಅಂಗಡಿಯೊಂದರಲ್ಲಿ ತೆಂಗಿನ ಹಿಟ್ಟು ಕೇಳಿದಾಗ ಅಂಗಡಿಯವರು ಬಿಳಿ ಪುಡಿಯ ಪೊಟ್ಟಣ ಮುಂದಿಟ್ಟು ತಾವೇ ತಡೆದು ಹೇಳಿದರು: “ಅಕ್ಕಾರ, ಇದು ಹಿಟ್ಟಲ್ಲರಿ, ಒಣ ಕೊಬ್ರಿ ತುರಿ ಐತಿ. ಬರ್ಫಿಗೆ ಒಯ್ತಾರ.” ಆ ಪ್ರಾಮಾಣಿಕತೆಗೆ ನಾನು ಇಂದಿಗೂ ಋಣಿ. ಎರಡನ್ನೂ ಒಂದೇ ಅಳತೆಯಲ್ಲಿ ಬಳಸಿದರೆ ಅಡುಗೆ ಕೆಡುವುದು ಖಂಡಿತ, ಏಕೆಂದರೆ ತೆಂಗಿನ ಹಿಟ್ಟು ನೀರು ಹೀರುವುದರಲ್ಲಿ ಎಲ್ಲವನ್ನೂ ಮೀರಿಸುತ್ತದೆ. 100 ಗ್ರಾಂ ಬದಾಮಿ ಹಿಟ್ಟಿನ ಜಾಗಕ್ಕೆ ಇದು 25-30 ಗ್ರಾಂ ಸಾಕು, ಜೊತೆಗೆ ತತ್ತಿಯೂ ನೀರೂ ಹೆಚ್ಚು ಬೇಕು. ನಾರು 100 ಗ್ರಾಂಗೆ 35-40 ಗ್ರಾಂ ಇರುತ್ತದೆ, ಅಂದರೆ ಬಹಳ ಒಳ್ಳೆಯದು. ಆದರೆ ಇದೊಂದನ್ನೇ ಹಾಕಿದರೆ ತುತ್ತು ಗಂಟಲಲ್ಲಿ ನಿಂತಂತೆ ಒಣಗಿರುತ್ತದೆ. ಬೇರೆ ಹಿಟ್ಟಿನ ಜೊತೆ ಎರಡು ಚಮಚ ಬೆರೆಸಲು ಸರಿ.

ಈಗ ಶೇಂಗಾ. 100 ಗ್ರಾಂನಲ್ಲಿ ನೆಟ್ ಕಾರ್ಬ್ 8 ಗ್ರಾಂ ಹತ್ತಿರ, ನಾರು ಎಂಟೂವರೆ, ಪ್ರೋಟೀನು 25 ಗ್ರಾಂ ದಾಟುತ್ತದೆ. ಅಂದರೆ ಕಾರ್ಬ್ ಲೆಕ್ಕದಲ್ಲಿ ಬದಾಮಿಗಿಂತ ಹಿಂದೇನಿಲ್ಲ, ಪ್ರೋಟೀನಿನಲ್ಲಿ ಒಂದು ಹೆಜ್ಜೆ ಮುಂದೆ, ಬೆಲೆಯಲ್ಲಿ ಎಷ್ಟೋ ಕಡಿಮೆ. ಗದಗ, ಧಾರವಾಡ, ಹಾವೇರಿಯ ಹೊಲಗಳಲ್ಲೇ ಬೆಳೆಯುವ ಕಾಳು. ಶೇಂಗಾ ಹೋಳಿಗೆ ಮಾಡುವ ಮನೆಗೆ ಪುಡಿ ಮಾಡುವುದನ್ನು ಹೊಸದಾಗಿ ಕಲಿಸಬೇಕಿಲ್ಲ: ಸಣ್ಣ ಉರಿಯಲ್ಲಿ ಹುರಿದು, ಪೂರ್ತಿ ಆರಿಸಿ, ತಿಕ್ಕಿ, ಮೊರದಲ್ಲಿ ಕೇರಿದರೆ ಸಿಪ್ಪೆ ಹಾರುತ್ತದೆ. ಮಫಿನ್‌ಗಾದರೆ ಸಿಪ್ಪೆಯನ್ನು ಅರ್ಧದಷ್ಟು ಉಳಿಸಿಕೊಳ್ಳಿ ಎನ್ನುತ್ತೇನೆ, ನಾರು ಅಲ್ಲೂ ಇದೆ. ಬಿಸಿ ಇರುವಾಗ ಮಿಕ್ಸರಿಗೆ ಹಾಕಿದರೆ ಎಣ್ಣೆ ಬಿಡುತ್ತದೆ, ಆದ್ದರಿಂದ ಆರಿದ ಕಾಳನ್ನು ಅರ್ಧ ತಾಸು ಫ್ರಿಜ್‌ನಲ್ಲಿಟ್ಟು ತೆಗೆದು, ಒಂದು ಚಮಚ ಇಸಬ್ಗೋಲ್ (ಹಿಟ್ಟನ್ನು ಹಿಡಿದಿಡುವ ನಾರಿನ ಹೊಟ್ಟು) ಜೊತೆ ಬಿಟ್ಟು ಬಿಟ್ಟು ತಿರುಗಿಸಬೇಕು. ಜರಡಿ ಹಿಡಿದಾಗ ಮೇಲೆ ಉಳಿದ ತರಿಯನ್ನು ಮತ್ತೆ ಬೀಸದೆ ಹಾಗೆಯೇ ಹಾಕಿದರೆ ತಿನ್ನುವಾಗ ಹಲ್ಲಿಗೆ ಸಿಕ್ಕು ಚೆನ್ನಾಗಿರುತ್ತದೆ. ಸುಕ್ಕಾದ, ಬೂಸು ಹಿಡಿದ, ಕಹಿಯಾದ ಕಾಳನ್ನು ಮುಲಾಜಿಲ್ಲದೆ ತೆಗೆದುಹಾಕಿ. ಶೇಂಗಾಕ್ಕೆ ಹತ್ತುವ ಬೂಸಿನಲ್ಲಿ ಅಫ್ಲಟಾಕ್ಸಿನ್ ಎಂಬ ವಿಷ ಇರಬಹುದು, ಹುರಿದರೂ ಬೇಯಿಸಿದರೂ ಅದು ಪೂರ್ತಿ ಹೋಗುವುದಿಲ್ಲ.

ಶೇಂಗಾದ ಕೊರತೆಯನ್ನೂ ಹೇಳಬೇಕು. ಅದರ ವಾಸನೆ ಅಡಗುವುದಿಲ್ಲ. ಯಾಲಕ್ಕಿ ಹಾಕಿ, ಜಾಜಿಕಾಯಿ ಹಾಕಿ, ಅದು ಶೇಂಗಾ ಮಫಿನ್ನೇ. ಶೇಂಗಾ ಉಂಡಿ ಮೆಚ್ಚುವವರಿಗೆ ಇದು ಕೊರತೆಯೇ ಅಲ್ಲ. ಅಲರ್ಜಿ ಇರುವವರು ಮಾತ್ರ ಹತ್ತಿರವೂ ಹೋಗಬಾರದು.

ಅಗಸಿ ಈ ಎಲ್ಲಕ್ಕೂ ಜೊತೆಗಾರ. 100 ಗ್ರಾಂ ಅಗಸಿಯಲ್ಲಿ ಕಾರ್ಬ್ 29 ಗ್ರಾಂ, ಅದರಲ್ಲಿ 27 ಗ್ರಾಂ ನಾರೇ. ನೆಟ್ ಕಾರ್ಬ್ ಎರಡು ಗ್ರಾಂ ಒಳಗೆ. ಈ ಅಂಕಿಯನ್ನು ಸರಿಗಟ್ಟುವ ಕಾಳು ನಮ್ಮ ಕಿರಾಣಿಯಲ್ಲಿ ಇನ್ನೊಂದಿಲ್ಲ. ನೀರಿನಲ್ಲಿ ನೆನೆಸಿದರೆ ಲೋಳೆ ಬಿಡುತ್ತದೆ, ಆ ಲೋಳೆಯೇ ಹಿಟ್ಟನ್ನು ಹಿಡಿದಿಡುತ್ತದೆ. ಇಡೀ ಕಾಳು ಹಾಕಿದರೆ ಜೀರ್ಣವಾಗದೆ ಹಾಗೆಯೇ ಹೊರಹೋಗುತ್ತದೆ, ಪುಡಿ ಮಾಡಲೇಬೇಕು. ಪುಡಿ ಮಾಡಿದ ಮೇಲೆ ಬೇಗ ಕಮಟು ವಾಸನೆ ಹಿಡಿಯುವುದರಿಂದ ಆಯಾ ಸಲಕ್ಕೆ ಬೇಕಾದಷ್ಟೇ ಬೀಸಿಕೊಂಡು, ಉಳಿದರೆ ಫ್ರಿಜ್‌ನಲ್ಲಿಡುವುದು ಒಳ್ಳೆಯದು. ಬರೀ ಅಗಸಿಯಿಂದಲೇ ಮಫಿನ್ ಮಾಡುವವರಿದ್ದಾರೆ. ನನಗೆ ಒಪ್ಪಿಗೆಯಾಗುವುದಿಲ್ಲ, ಕಪ್ಪಾಗಿ ಒಳಗೆ ಅಂಟಂಟಾಗಿ ಬರುತ್ತದೆ. ಒಟ್ಟು ಪುಡಿಯ ಮೂರರಲ್ಲಿ ಒಂದು ಪಾಲು ಅಗಸಿ ಇದ್ದರೆ ರುಚಿಯೂ ನಾರೂ ಸಮನಾಗಿ ನಿಲ್ಲುತ್ತವೆ.

ಸೂರ್ಯಕಾಂತಿ ಬೀಜದ ಬಗ್ಗೆ ಕೇಳುವವರೂ ಇದ್ದಾರೆ, ಅದೂ ನಮ್ಮ ಕಡೆಯ ಬೆಳೆಯೇ. ನೆಟ್ ಕಾರ್ಬ್ 11 ಗ್ರಾಂ ಆಸುಪಾಸು, ಬದಾಮಿಯೂ ಶೇಂಗಾವೂ ಆಗದವರಿಗೆ ಒಳ್ಳೆಯ ದಾರಿ. ಒಂದೇ ವಿಚಿತ್ರ: ಸೋಡಾ ತಾಗಿದರೆ ಮಫಿನ್‌ನ ಒಳಭಾಗ ಹಸಿರಾಗುತ್ತದೆ. ಬಿಸಿಯಲ್ಲಿ ಸರಿಯಾಗಿಯೇ ಕಾಣುತ್ತದೆ, ಆರಿದ ಮೇಲೆ ಮುರಿದರೆ ಗಾಢ ಹಸಿರು. ಕೆಟ್ಟುಹೋಯಿತೆಂದು ಎಸೆಯಬೇಡಿ. ಬೀಜದಲ್ಲಿರುವ ಕ್ಲೋರೊಜೆನಿಕ್ ಆಮ್ಲ ಕ್ಷಾರದ ಜೊತೆ ಸೇರಿ ಹೀಗಾಗುತ್ತದೆ, ತಿನ್ನಲು ಅಡ್ಡಿಯಿಲ್ಲ. ಸೋಡಾ ಕಡಿಮೆ ಮಾಡಿ ನಿಂಬೆರಸ ಹೆಚ್ಚಿಸಿದರೆ ಬಣ್ಣ ಬಹಳ ಮಟ್ಟಿಗೆ ತಿಳಿಯಾಗುತ್ತದೆ. ಎಳ್ಳು, ಗುರೆಳ್ಳು ಮೇಲೆ ಉದುರಿಸಲು ಚೆಂದ, ಅವನ್ನೇ ಹಿಟ್ಟಾಗಿ ಬಳಸಿದರೆ ಕಹಿ ಇಣುಕುತ್ತದೆ.

ತತ್ತಿ ಅಥವಾ ಇಸಬ್ಗೋಲ್

ಹೊರಗಿನವರು ಬರೆದ ಕೀಟೊ ಪಾಕಗಳೆಲ್ಲ ನಾಲ್ಕು ತತ್ತಿಯಿಂದ ಶುರುವಾಗುತ್ತವೆ. ನಮ್ಮ ಕಡೆ ಎಷ್ಟೋ ಮನೆಯ ಒಲೆಯ ಮೇಲೆ ತತ್ತಿ ಏರುವುದಿಲ್ಲ. ಅವರಿಗಾಗಿ ಅದೇ ಪಾಕದಿಂದ ತತ್ತಿಯನ್ನಷ್ಟೇ ತೆಗೆದು ಮೊಸರು ಸುರಿದರೆ ಆಗದು. ತತ್ತಿ ಮೂರು ಕೆಲಸ ಮಾಡುತ್ತದೆ: ಹಿಡಿದಿಡುತ್ತದೆ, ಉಬ್ಬಿಸುತ್ತದೆ, ಹಸಿ ಇಡುತ್ತದೆ. ಹಿಡಿದಿಡಲು ಇಸಬ್ಗೋಲ್, ಉಬ್ಬಲು ಸೋಡಾ ಮತ್ತು ಹುಳಿ, ಹಸಿಗೆ ಮೊಸರು. ಮೂರನ್ನೂ ಬೇರೆ ಬೇರೆಯಾಗಿ ಒದಗಿಸಬೇಕು.

ಇಸಬ್ಗೋಲ್ ಔಷಧದ ಅಂಗಡಿಯಲ್ಲಿ ಸಿಗುವುದೇ, ಸಕ್ಕರೆ-ಬಣ್ಣ ಬೆರೆಸದ ಬರೀ ಹೊಟ್ಟು ಇರಲಿ. ಹೆಚ್ಚುಕಡಿಮೆ ಎಲ್ಲವೂ ನಾರೇ. ಆರು ಮಫಿನ್‌ಗೆ ಎರಡು ದೊಡ್ಡ ಚಮಚದ ಮೇಲೆ ಹೋದರೆ ಮಫಿನ್ ಹೋಗಿ ರಬ್ಬರಾಗುತ್ತದೆ. ಕಲಸಿದ ಕೂಡಲೇ ಹಿಟ್ಟು ತೆಳ್ಳಗೆ ಕಾಣುತ್ತದೆ, ಆಗ ಗಾಬರಿಯಾಗಿ ಮತ್ತಷ್ಟು ಹಾಕಬೇಡಿ. ಹತ್ತು ನಿಮಿಷ ಮುಚ್ಚಿಡಿ. ಚಮಚ ಎತ್ತಿದರೆ ಹಿಟ್ಟು ಸುರಿಯದೆ ದಪ್ಪಗೆ ಜಾರಿ ಬೀಳುವ ಹದಕ್ಕೆ ತಾನೇ ಬರುತ್ತದೆ. ಆ ಹತ್ತು ನಿಮಿಷ ಕಳೆದ ಮೇಲೆಯೇ ಸೋಡಾ ಹಾಕಬೇಕು, ಮೊದಲೇ ಹಾಕಿದರೆ ಉಬ್ಬುವ ಶಕ್ತಿ ಬಟ್ಟಲಲ್ಲೇ ಕಳೆದುಹೋಗುತ್ತದೆ. ಕೆಲವು ಇಸಬ್ಗೋಲ್ ಬೆಂದ ಮೇಲೆ ನೇರಳೆ ಬಣ್ಣಕ್ಕೆ ತಿರುಗುತ್ತದೆ, ಅದೂ ದೋಷವಲ್ಲ.

ಮೊಸರನ್ನು ಬಟ್ಟೆಯಲ್ಲಿ ಕಟ್ಟಿ ನೀರಿಳಿಸಿದರೆ ಹಾಲಿನ ಸಕ್ಕರೆಯೂ ಒಂದಷ್ಟು ಆ ನೀರಿನ ಜೊತೆ ಹೋಗುತ್ತದೆ. ಬೇಕಿಂಗ್ ಪೌಡರ್‌ನಲ್ಲಿ ಸಾಮಾನ್ಯವಾಗಿ ಮೆಕ್ಕೆಜೋಳದ ಗಂಜಿಪುಡಿ ಬೆರೆಸಿರುತ್ತಾರೆ. ಪ್ರಮಾಣ ಸಣ್ಣದೇ ಆದರೂ ಸೋಡಾ-ನಿಂಬೆರಸ ಇರುವಾಗ ಅದರ ಗರಜಿಲ್ಲ.

ಸಿಹಿಗೆ ಏನು?

ಬೆಲ್ಲ, ಜೇನು, ಖರ್ಜೂರ ಮೂರೂ ಇಲ್ಲಿ ಸಕ್ಕರೆಯೇ. ಸಕ್ಕರೆಗೆ ಬದಲಿಯಾಗಿ ಸಿಗುವ ಸಿಹಿಪುಡಿಗಳು ಎರಿತ್ರಿಟಾಲ್, ಸ್ಟೀವಿಯಾ, ಮಾಲ್ಟಿಟಾಲ್. ಮಾಲ್ಟಿಟಾಲ್ ಬೇಡವೇ ಬೇಡ. ‘ಶುಗರ್ ಫ್ರೀ’ ಬಿಸ್ಕತ್ತು, ಚಾಕಲೇಟುಗಳಲ್ಲಿ ಇದೇ ಹೆಚ್ಚು, ಸಕ್ಕರೆಯಷ್ಟಲ್ಲದಿದ್ದರೂ ರಕ್ತದ ಸಕ್ಕರೆಯನ್ನು ಏರಿಸುತ್ತದೆ, ಹೆಚ್ಚು ತಿಂದರೆ ಹೊಟ್ಟೆ ಕೆಡಿಸುತ್ತದೆ. ಎರಿತ್ರಿಟಾಲ್ ರಕ್ತದ ಸಕ್ಕರೆ ಏರಿಸುವುದಿಲ್ಲ. ಸಿಹಿ ಸಕ್ಕರೆಯ 70 ಪ್ರತಿಶತದಷ್ಟು, ನಾಲಿಗೆಗೆ ತಣ್ಣನೆಯ ಅನುಭವ, ಆರಿದ ಮೇಲೆ ಹರಳುಗಟ್ಟುವ ಸ್ವಭಾವ. ಪುಡಿ ಮಾಡಿ ಹಾಕಿದರೆ ಹರಳು ಹಲ್ಲಿಗೆ ಸಿಗುವುದಿಲ್ಲ. ಆದರೆ 2023ರಲ್ಲಿ ಪ್ರಕಟವಾದ ಅಧ್ಯಯನವೊಂದು ರಕ್ತದಲ್ಲಿ ಎರಿತ್ರಿಟಾಲ್ ಹೆಚ್ಚಿದ್ದವರಲ್ಲಿ ಹೃದಯಾಘಾತ, ಪಾರ್ಶ್ವವಾಯುವಿನ ಪ್ರಮಾಣವೂ ಹೆಚ್ಚಿದ್ದುದನ್ನು ಕಂಡಿತು. ಒಂದರಿಂದ ಇನ್ನೊಂದು ಆಗುತ್ತದೆಂದು ಅದು ಸಾಬೀತುಮಾಡಿಲ್ಲ, ಆದರೂ ಹೃದಯದ ತೊಂದರೆ ಇರುವವರಿಗೆ ನಾನು ಇದನ್ನು ಕೊಡುವುದಿಲ್ಲ. ಸ್ಟೀವಿಯಾ ಸಕ್ಕರೆಗಿಂತ 200-300 ಪಟ್ಟು ಸಿಹಿ. ಚಿಟಿಕೆ ಹೆಚ್ಚಾದರೆ ಕಹಿ. ಚಿಕ್ಕ ಪೊಟ್ಟಣದ ಸಿಹಿಪುಡಿಗಳಲ್ಲಿ ಗಾತ್ರಕ್ಕೆಂದು ಡೆಕ್ಸ್ಟ್ರೋಸ್ ಅಥವಾ ಮಾಲ್ಟೊಡೆಕ್ಸ್ಟ್ರಿನ್ ಬೆರೆಸಿರುತ್ತಾರೆ, ಅವೆರಡೂ ಸಕ್ಕರೆಯ ಬಳಗದವೇ. ಹಿಂಬದಿಯ ಸಣ್ಣಕ್ಷರ ಓದಿಯೇ ಕೊಳ್ಳಬೇಕು. ಸಕ್ಕರೆಗೆ ಬದಲಿಯಾದ ಇಂಥ ಸಿಹಿಗಳನ್ನು ತೂಕ ಇಳಿಸಲೆಂದು ನೆಚ್ಚಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಕೂಡ 2023ರಲ್ಲಿ ಸಲಹೆ ಮಾಡಿದೆ. ಸ್ಟೀವಿಯಾ ಆ ಪಟ್ಟಿಯಲ್ಲಿದೆ.

ಇಷ್ಟೆಲ್ಲ ತಲೆನೋವು ಯಾಕೆ, ಖಾರದ ಮಫಿನ್ ಮಾಡಿ! ನನ್ನ ಮನಸ್ಸು ಇರುವುದು ಅಲ್ಲೇ. ಬ್ಯಾಡಗಿ ಮೆಣಸಿನಕಾಯಿಯ ಪುಡಿ ಖಾರಕ್ಕಿಂತ ಬಣ್ಣ ಹೆಚ್ಚು ಕೊಡುತ್ತದೆ, ಶೇಂಗಾ-ಅಗಸಿಯ ಮಸುಕು ಕಂದು ಬಣ್ಣವನ್ನು ಕೆಂಪಾಗಿಸುತ್ತದೆ. ಅದಕ್ಕೆ ಜೀರಿಗೆ, ಜಜ್ಜಿದ ಬೆಳ್ಳುಳ್ಳಿ, ಸಣ್ಣಗೆ ಹೆಚ್ಚಿದ ಒಂದು ಹಿಡಿ ಮೆಂತ್ಯ ಸೊಪ್ಪು. ಅವಸರವಿದ್ದರೆ ಡಬ್ಬಿಯಲ್ಲಿರುವ ಅಗಸಿ ಹಿಂಡಿಯನ್ನೇ ಮೂರು ಚಮಚ ಸುರಿದರೂ ನಡೆಯುತ್ತದೆ. ಕುಟ್ಟುವಾಗ ಬೆಲ್ಲದ ಚೂರು ಹಾಕಿದ್ದಾರೋ ಎಂದು ವೈನಿಯನ್ನೋ ಅವ್ವನನ್ನೋ ಮೊದಲು ಕೇಳಿಕೊಳ್ಳಿ. ಸಿಹಿಯ ಚಟ ಬಿಡಿಸುವುದೂ ಪಥ್ಯದ ಒಂದು ಉದ್ದೇಶವಾದರೆ ಖಾರದ್ದು ನಿಜಕ್ಕೂ ಒಳ್ಳೆಯ ಆಯ್ಕೆ.

ಎರಡು ಅಳತೆ

ತತ್ತಿ ಇರುವದು: ಬದಾಮಿ ಹಿಟ್ಟು 100 ಗ್ರಾಂ, ಅಗಸಿ ಪುಡಿ 30 ಗ್ರಾಂ, ಇಸಬ್ಗೋಲ್ 5 ಗ್ರಾಂ, ತತ್ತಿ 3, ತುಪ್ಪ 40 ಗ್ರಾಂ, ಅರ್ಧ ಟೀ ಚಮಚ ಸೋಡಾ, ಒಂದು ಟೀ ಚಮಚ ನಿಂಬೆರಸ, ಉಪ್ಪು. ಆರು ಮಫಿನ್ ಆಗುತ್ತವೆ. ಒಂದೊಂದರಲ್ಲಿ ನೆಟ್ ಕಾರ್ಬ್ ಸುಮಾರು 2 ಗ್ರಾಂ, ನಾರು ಸುಮಾರು 4 ಗ್ರಾಂ.

ತತ್ತಿ ಇಲ್ಲದ್ದು: ಶೇಂಗಾ ಪುಡಿ 100 ಗ್ರಾಂ, ಅಗಸಿ ಪುಡಿ 50 ಗ್ರಾಂ, ಇಸಬ್ಗೋಲ್ 8 ಗ್ರಾಂ, ಗಟ್ಟಿ ಮೊಸರು 120 ಗ್ರಾಂ, ತುಪ್ಪ 20 ಗ್ರಾಂ, ಸೋಡಾ-ನಿಂಬೆರಸ ಮೇಲಿನಷ್ಟೇ, ಹದ ನೋಡಿ ನೀರು. ಇಲ್ಲೂ ಆರು. ನೆಟ್ ಕಾರ್ಬ್ ಒಂದಕ್ಕೆ ಎರಡೂವರೆ ಗ್ರಾಂ ಹತ್ತಿರ, ನಾರು ನಾಲ್ಕೂವರೆ ಗ್ರಾಂ ಮೇಲೆ. ಅಂದರೆ ಅರ್ಧ ಗ್ರಾಂ ಕಾರ್ಬ್ ಹೆಚ್ಚಿಗೆ ತಿಂದು, ನಾರನ್ನೂ ಹೆಚ್ಚು ಪಡೆದು, ಖರ್ಚನ್ನು ಬಹಳ ಇಳಿಸಿಕೊಂಡಂತೆ. ಎರಡರಲ್ಲೂ ಒಂದೊಂದು ಮಫಿನ್ 200 ಕ್ಯಾಲರಿ ಆಸುಪಾಸು ಇರುತ್ತದೆ, ಕಾರ್ಬ್ ಕಡಿಮೆ ಎಂದು ನಾಲ್ಕು ತಿನ್ನುವ ತಿನಿಸಲ್ಲ.

ಓಟಿಜಿ (ಕರೆಂಟಿನ ಓವನ್) ಇದ್ದರೆ 170 ಡಿಗ್ರಿಯಲ್ಲಿ 22ರಿಂದ 25 ನಿಮಿಷ, ತತ್ತಿ ಇಲ್ಲದ್ದಕ್ಕೆ ಇನ್ನೈದು ನಿಮಿಷ. ಕಾಳಿನ ಹಿಟ್ಟು ಬೇಗ ಕಂದುತ್ತದೆ, ಮೇಲ್ಭಾಗ ಕೆಂಪಾದ ಮಾತ್ರಕ್ಕೆ ಒಳಗೆ ಬೆಂದಿದೆ ಎಂದುಕೊಳ್ಳದೆ ಕಡ್ಡಿ ಚುಚ್ಚಿ ನೋಡಿ. ಓಟಿಜಿ ಇಲ್ಲದವರಿಗೆ ಕುಕ್ಕರಿಗಿಂತ ಪಡ್ಡಿನ ಹಂಚು ನೂರು ಪಾಲು ವಾಸಿ. ಗುಳಿಗೆ ತುಪ್ಪ ಸವರಿ, ಸಣ್ಣ ಉರಿ, ಮೇಲೆ ಮುಚ್ಚಳ, ಒಂದೊಂದು ಮಗ್ಗುಲು ನಾಲ್ಕೈದು ನಿಮಿಷ. ಕರೆಂಟ್ ಹೋದರೂ ಕೆಲಸ ನಿಲ್ಲುವುದಿಲ್ಲ, ಸುತ್ತಲೂ ಗರಿ ಬರುತ್ತದೆ. ಯಾವುದರಲ್ಲಿ ಮಾಡಿದರೂ ಬಿಸಿಯಲ್ಲಿ ತೆಗೆಯಲು ಹೋಗಬೇಡಿ. ಇಸಬ್ಗೋಲ್ ಗಟ್ಟಿಯಾಗುವುದು ಆರಿದ ಮೇಲೆಯೇ.

ಯಾರಿಗೆ ಬೇಡ

ಕೀಟೊ ಹುಟ್ಟಿದ್ದು ತೂಕ ಇಳಿಸಲು ಅಲ್ಲ. 1921ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್ಕಿನ ರಸಲ್ ವೈಲ್ಡರ್ ಮೂರ್ಛೆರೋಗಿಗಳಿಗಾಗಿ ಸೂಚಿಸಿದ, ವೈದ್ಯರ ಕಣ್ಗಾವಲಿನಲ್ಲಿ ನಡೆಯುವ ಪಥ್ಯ ಅದು. ಆ ಕಣ್ಗಾವಲು ಈಗಲೂ ಬೇಕಾದವರಿದ್ದಾರೆ. ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆ ತೆಗೆದುಕೊಳ್ಳುವವರು ಕಾರ್ಬ್ ಏಕಾಏಕಿ ಬಿಟ್ಟರೆ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು. ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್‌ನಂಥ ಸಕ್ಕರೆ ಕಾಯಿಲೆಯ ಮಾತ್ರೆ ನುಂಗುವವರಲ್ಲಿ ಸಕ್ಕರೆ ಹೆಚ್ಚಿಲ್ಲದಿದ್ದರೂ ರಕ್ತದಲ್ಲಿ ಆಮ್ಲ ಏರುವ ಕೀಟೊಆಸಿಡೋಸಿಸ್ ಎಂಬ ಗಂಭೀರ ಸ್ಥಿತಿ ಬರಬಹುದು. ಬಸುರಿಯರು, ಬಾಣಂತಿಯರು, ಮೂತ್ರಪಿಂಡದ ತೊಂದರೆಯವರು ವೈದ್ಯರನ್ನು ಕೇಳದೆ ಇದಕ್ಕೆ ಕೈಹಾಕಬಾರದು. ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳುವವರು ಮಾತ್ರೆಗೂ ನಾರಿನ ಮಫಿನ್‌ಗೂ ನಡುವೆ ನಾಲ್ಕು ತಾಸಾದರೂ ಬಿಡಬೇಕು, ಮೈ ಔಷಧವನ್ನು ಹೀರಿಕೊಳ್ಳಲು ನಾರು ಅಡ್ಡಬರುತ್ತದೆ. ಎಲ್ಲರಿಗೂ ಅನ್ವಯಿಸುವುದು ನೀರು: ಇಸಬ್ಗೋಲ್, ಅಗಸಿ ತಿಂದು ನೀರು ಕುಡಿಯದಿದ್ದರೆ ಮಲಬದ್ಧತೆ ಕಡಿಮೆಯಾಗುವ ಬದಲು ಹೆಚ್ಚುತ್ತದೆ. ನಾರಿನ ರೂಢಿ ತಪ್ಪಿದವರು ಮೊದಲ ವಾರ ದಿನಕ್ಕೆ ಒಂದೇ ತಿನ್ನಲಿ.

ಈ ಮಫಿನ್‌ಗಳಲ್ಲಿ ಹಸಿ ಹೆಚ್ಚು, ಸಕ್ಕರೆ ಇಲ್ಲ. ಹಾಗಾಗಿ ಅಂಗಡಿಯ ಕೇಕಿನಂತೆ ಹೊರಗೆ ತಡೆಯುವುದಿಲ್ಲ. ಬೇಸಿಗೆಯಲ್ಲಿ ಒಂದು ದಿನ, ಫ್ರಿಜ್‌ನಲ್ಲಿ ನಾಲ್ಕೈದು ದಿನ. ಫ್ರೀಜರ್‌ನಲ್ಲಿಟ್ಟರೆ ತಿಂಗಳು ನಡೆಯುತ್ತವೆ. ತೆಗೆದವನ್ನು ಅಡ್ಡಕ್ಕೆ ಸೀಳಿ, ಹಂಚಿನ ಮೇಲೆ ತುಪ್ಪ ಸವರಿ ಎರಡೂ ಮಗ್ಗುಲು ಬಿಸಿಮಾಡಿದರೆ ಹೊಸದಾಗಿ ಮಾಡಿದ್ದಕ್ಕಿಂತ ಹೆಚ್ಚು ಗರಿಯಾಗಿರುತ್ತವೆ.